ಬಸವನಹುಳುವಿಗೆಂದು ತಂದ ಮೀನು

ನಮ್ಮ ಮೂರಡಿಯ ಮೀನಿನ ತೊಟ್ಟಿಗೆ ಲೋಚ್ ಎಂಬ ತಳದಲ್ಲಿ ಓಡಾಡುವ ಮೀನು ಬಂದದ್ದು ಬಸವನಹುಳುಗಳ ಕಾಟದಿಂದ. ಹೊಸ ಗಿಡಗಳ ಜೊತೆ ಬಂದ ನಾಲ್ಕಾರು ಹುಳುಗಳು ಎರಡು ತಿಂಗಳಲ್ಲಿ ಗಾಜಿನ ತುಂಬ ಹಬ್ಬಿದ್ದವು. ಅಂಗಡಿಯವರು ಮೂರು ಝೀಬ್ರಾ ಲೋಚ್‌ಗಳನ್ನು ಚೀಲಕ್ಕೆ ತುಂಬಿಕೊಟ್ಟು, "ತಳದ ಕಸವನ್ನೆಲ್ಲ ಇವೇ ನೋಡಿಕೊಳ್ಳುತ್ತವೆ ಸರ್, ಬೇರೆ ಊಟ ಬೇಡ" ಎಂದರು. ಆ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಮೂರೇ ಮೀನು ತಂದ ತಪ್ಪು ನನ್ನದು.

ಲೋಚ್ ಕಸ ಗುಡಿಸುವ ಮೀನಲ್ಲ. ಮೇಲಿನ ಮೀನುಗಳು ಬಿಟ್ಟದ್ದನ್ನೇ ನಂಬಿಕೊಂಡರೆ ಅದರ ಹೊಟ್ಟೆ ಬೆನ್ನಿಗೆ ಹತ್ತುತ್ತದೆ. ಈಗ ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆ ಹಾಕುತ್ತೇನೆ. ವಾರಕ್ಕೆ ಎರಡು ಸಲ ಬ್ಲಡ್‌ವರ್ಮ್ ಎಂಬ ಕೆಂಪು ಹುಳು, ಒಮ್ಮೆ ಸೌತೆಕಾಯಿ ಬಿಲ್ಲೆ. ಬಿಲ್ಲೆ ತೇಲದಂತೆ ಸ್ಟೀಲ್ ಫೋರ್ಕ್ ಚುಚ್ಚಿ ಇಳಿಬಿಟ್ಟರೆ ಬೆಳಗ್ಗೆ ಸಿಪ್ಪೆಯ ಬಳೆಯೊಂದೇ ಉಳಿದಿರುತ್ತದೆ.

ಈ ಮೀನಿನ ಊರು ತಿಳಿದಾಗ ನಾಚಿಕೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾಯರು 1920ರಲ್ಲಿ ಇದನ್ನು ವಿವರಿಸಿ ಬೋಟಿಯಾ ಸ್ಟ್ರಿಯಾಟಾ ಎಂದು ಹೆಸರಿಟ್ಟದ್ದು ಶಿವಮೊಗ್ಗದ ತುಂಗೆಯ ಮೀನನ್ನು ನೋಡಿ. ತುಂಗೆಯಲ್ಲೇ ಈಜು ಕಲಿತ ನಾನು, ಕಾಲಡಿಯಲ್ಲಿದ್ದ ಮೀನನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದಿದ್ದೆ. ಅಳಿವಿನಂಚಿನ ಜೀವಿಗಳ ಲೆಕ್ಕವಿಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಪಾಯದಲ್ಲಿರುವ ಜಾತಿ ಎಂಬುದೂ ಆಮೇಲೆ ಗೊತ್ತಾಯಿತು. ಮನೆಯ ತೊಟ್ಟಿಯಲ್ಲಿ ಇದು ಮರಿ ಮಾಡುವುದು ತೀರಾ ಅಪರೂಪ. ಹಾಗಾಗಿ ತಂದದ್ದನ್ನು ಸಾಯಲು ಬಿಡಬಾರದು ಎಂಬ ಹಟ ಹುಟ್ಟಿತು.

ಮೊದಲು ತಳ ಬದಲಾಯಿತು. ಚೂಪು ಜಲ್ಲಿಯಲ್ಲಿ ಮೂತಿ ತೂರಿಸಿ ತೂರಿಸಿ ಒಂದರ ಮೀಸೆ ಸವೆದಿತ್ತು. ಜಲ್ಲಿ ತೆಗೆದು, ನೀರು ತಿಳಿಯಾಗುವವರೆಗೆ ತೊಳೆದ ನಯವಾದ ಮರಳು ಹಾಕಿದೆ. ಅದರ ಮೇಲೆ ಉರುಟು ಕಲ್ಲುಗಳು, ಅಡಗಲು ಒಡೆದ ಮಣ್ಣಿನ ಕುಂಡ. ಆ ದಿನ ಮೀನು ಹಿಡಿಯಲು ಬಲೆ ಹಾಕಿದ್ದು ದೊಡ್ಡ ಎಡವಟ್ಟು. ಇದರ ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳೊಂದಿದೆ, ಹೆದರಿದರೆ ಚಾಕುವಿನಂತೆ ಬಿಚ್ಚಿಕೊಳ್ಳುತ್ತದೆ. ಬಲೆಯ ಎಳೆಗೆ ಸಿಕ್ಕಿಕೊಂಡ ಮೀನನ್ನು ಎಳೆಯಲಾಗದೆ, ನೀರೊಳಗೇ ಹಿಡಿದು ಉಗುರಿನ ಕತ್ತರಿಯಿಂದ ಬಲೆಯನ್ನೇ ಕತ್ತರಿಸಿದೆ. ಅಂದಿನಿಂದ ಪ್ಲಾಸ್ಟಿಕ್ ಡಬ್ಬಿಯೇ ಗತಿ.

ಮೂರರಲ್ಲಿ ಒಂದು ಉಳಿದೆರಡನ್ನು ಅಟ್ಟಾಡಿಸುತ್ತಿತ್ತು. ಕನಿಷ್ಠ ಐದಾರಾದರೂ ಇದ್ದರೆ ಜಗಳ ಹಂಚಿಹೋಗುತ್ತದೆ ಎಂದು ಇನ್ನೂ ನಾಲ್ಕು ತಂದೆ. ಜಗಳ ನಿಂತಿತು, ರೋಗ ಬಂತು. ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಡಬೇಕಾದವನ್ನು ನೇರ ಬಿಟ್ಟಿದ್ದೆ. ಎಂಟನೆಯ ದಿನ ರೆಕ್ಕೆಗಳ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಲೋಚ್‌ನ ಹುರುಪೆ ತೀರಾ ಸಣ್ಣದು, ಚರ್ಮದೊಳಗೆ ಹುದುಗಿರುತ್ತದೆ, ಬಾಟಲಿಯ ಮೇಲಿನ ಪೂರ್ತಿ ಅಳತೆಯ ಔಷಧ ತಡೆಯುವುದು ಕಷ್ಟ. ಅರ್ಧ ಅಳತೆಯನ್ನಷ್ಟೇ ಹಾಕಿ, ದಿನಕ್ಕೊಂದೆರಡು ಡಿಗ್ರಿಯಂತೆ ನೀರನ್ನು 25ರಿಂದ 29 ಡಿಗ್ರಿಗೆ ಏರಿಸಿದೆ. ಚುಕ್ಕೆಯೊಳಗಿನ ಪರೋಪಜೀವಿಗೆ ಔಷಧ ತಾಗುವುದಿಲ್ಲ. ಅದು ಕಳಚಿಬಿದ್ದು, ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಬಿಸಿ ಹೆಚ್ಚಿದಷ್ಟೂ ಆ ಚಕ್ರ ಬೇಗ ತಿರುಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಗಾಳಿಯ ಪಂಪ್ ಹಗಲೂ ರಾತ್ರಿ ಓಡಿತು. ಎರಡು ವಾರ. ಒಂದು ಮೀನು ಹೋಯಿತು, ಆರು ಉಳಿದವು.

ನೀರಿನ ವಿಷಯ ಸರಳ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುತ್ತೇನೆ, ನಲ್ಲಿ ನೀರಿಗೆ ಮೊದಲೇ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸುತ್ತೇನೆ. ಮುಚ್ಚಳ ಮಾತ್ರ ಮರೆಯುವಂತಿಲ್ಲ, ಹಾರುವ ಚಾಳಿ ಇದೆ.

ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯವರೆಗೆ ಬಂದು, "ನಿನ್ನ ಮೀನು ಹೋಯಿತು ಕಣೋ, ಮಗ್ಗುಲಾಗಿ ಬಿದ್ದಿದೆ" ಎಂದರು. ಓಡಿಹೋಗಿ ನೋಡಿದರೆ ಕುಂಡದ ಪಕ್ಕ ಹಾಯಾಗಿ ಒರಗಿತ್ತು. ಗಾಜಿಗೆ ಬೆರಳು ತಾಗಿಸಿದ್ದೇ ತಡ, ಚಿಮ್ಮಿ ಕಲ್ಲಿನ ಸಂದಿಗೆ ಹೋಯಿತು. ಇವು ಮಲಗುವ ರೀತಿಯೇ ಹಾಗೆ. ಅಮ್ಮ ಈಗ ಅದಕ್ಕೆ ಕುಂಭಕರ್ಣ ಎಂದು ಹೆಸರಿಟ್ಟಿದ್ದಾರೆ.

ಬಸವನಹುಳುಗಳು ಎಂದೋ ಮುಗಿದುಹೋದವು, ಮರಳಿನ ಮೇಲೆ ಖಾಲಿ ಚಿಪ್ಪುಗಳು ಉಳಿದಿವೆ. ಆದರೆ ಆ ಬೇಟೆಯಾಡುವಾಗ ಮೀನುಗಳು ಮಾಡುವ ಟಿಕ್ ಟಿಕ್ ಸದ್ದು ಕೇಳದೆ ಮನೆ ಬಿಕೋ ಎನ್ನುತ್ತಿತ್ತು. ಈಗ ಕಿಟಕಿಯ ಬಳಿ ಗಾಜಿನ ಭರಣಿಯೊಂದರಲ್ಲಿ ಎಲೆಕೋಸಿನ ಚೂರು ಹಾಕಿ ಬಸವನಹುಳು ಸಾಕುತ್ತಿದ್ದೇನೆ.