ವಿಡಿಯೊ ಸಂಕಲನಕ್ಕೆ ಕಂಪ್ಯೂಟರ್: ಆಯ್ಕೆ ಕ್ಯಾಮೆರಾದಿಂದ, ದೋಷದ ಹುಡುಕಾಟ ಗೋಡೆಯ ಸಾಕೆಟ್ಟಿನಿಂದ

ತುಮಕೂರಿನಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ, ಶಾಲಾ ವಾರ್ಷಿಕೋತ್ಸವಗಳ ವಿಡಿಯೊ ಸಂಕಲನ ಮಾಡಿಕೊಡುವುದು ನನ್ನ ವೃತ್ತಿ. ಗುಬ್ಬಿ, ತಿಪಟೂರು, ಶಿರಾ, ಮಧುಗಿರಿ ಕಡೆಯ ಸ್ಟುಡಿಯೊದವರು ತಾವು ಚಿತ್ರೀಕರಿಸಿದ್ದನ್ನು ಹಾರ್ಡ್ ಡಿಸ್ಕಿನಲ್ಲಿ ತಂದುಕೊಡುತ್ತಾರೆ. ಅವರಲ್ಲಿ ಹಲವರು ಸ್ವಂತಕ್ಕೊಂದು ಕಂಪ್ಯೂಟರ್ ಕಟ್ಟಿಸಲು ಹೊರಟಾಗ ಮೊದಲು ಕೇಳುವುದು, "ಅಣ್ಣ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿ?" ಎಂದು. ನಾನು ಮರುಪ್ರಶ್ನೆ ಹಾಕುತ್ತೇನೆ: "ನಿಮ್ಮ ಕ್ಯಾಮೆರಾ ಯಾವುದು, ಅದರಲ್ಲಿ ಯಾವ ಬಗೆಯ ಫೈಲ್ ಬರುತ್ತದೆ?" ಇದಕ್ಕೆ ಉತ್ತರ ಸಿಗುವವರೆಗೆ ಕಾರ್ಡಿನ ಮಾತು ಎತ್ತುವುದೇ ಇಲ್ಲ. ಲಕ್ಷ ರೂಪಾಯಿ ಸುರಿದ ಮೇಲೂ ದೃಶ್ಯಗಳನ್ನು ಜೋಡಿಸುವ ಪಟ್ಟಿಯಾದ ಟೈಮ್‌ಲೈನ್ ತಡವರಿಸುತ್ತಿದೆ ಎಂದು ನನ್ನಲ್ಲಿಗೆ ಬಂದ ಯಂತ್ರಗಳಲ್ಲಿ ಬಹುಪಾಲು ಎಡವಿದ್ದು ಇದೊಂದೇ ಕಡೆ.

ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಉಳಿಯುವ ವಿಡಿಯೊದಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಫ್ರೇಮೂ ಪೂರ್ತಿಯಾಗಿ ಇರುವುದಿಲ್ಲ. ವಿಡಿಯೊ ಕುಗ್ಗಿಸಿಡುವ ವಿಧಾನಗಳಾದ, 2003ರಲ್ಲಿ ಬಂದ ಎಚ್.264 ಆಗಲಿ, 2013ರಲ್ಲಿ ಬಂದ ಎಚ್.265 ಆಗಲಿ, ಅಲ್ಲೊಂದು ಇಲ್ಲೊಂದು ಫ್ರೇಮನ್ನು ಮಾತ್ರ ಪೂರ್ಣವಾಗಿ ಬರೆದಿಟ್ಟು, ನಡುವಿನವುಗಳಲ್ಲಿ ಏನು ಬದಲಾಯಿತೆಂಬುದನ್ನಷ್ಟೇ ದಾಖಲಿಸುತ್ತವೆ. ಹೀಗಾಗಿ ಧಾರೆಯ ದೃಶ್ಯದ ನಡುವೆ ಎಲ್ಲೋ ಒಂದು ಕಡೆ ಕರ್ಸರ್ ಇಟ್ಟರೆ, ಆ ಒಂದು ಫ್ರೇಮನ್ನು ತೋರಿಸುವುದಕ್ಕೆ ಕಂಪ್ಯೂಟರ್ ಹಿಂದಿನ ಪೂರ್ಣ ಫ್ರೇಮಿನವರೆಗೆ ಹೋಗಿ, ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕಾಗುತ್ತದೆ. 4ಕೆ ಫ್ರೇಮ್ ಒಂದರಲ್ಲಿ 3840 ಗುಣಿಸು 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿದ್ದು, ಇದು ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಮುಹೂರ್ತದ ಹೊತ್ತಿನಲ್ಲಿ ಮೂರು ಕ್ಯಾಮೆರಾ ಒಟ್ಟಿಗೆ ಓಡಿದ್ದರೆ, ಎಲ್ಲವನ್ನೂ ಜೊತೆಜೊತೆಗೆ ನೋಡುತ್ತಾ ಕತ್ತರಿಸುವ ಮಲ್ಟಿಕ್ಯಾಮ್‌ನಲ್ಲಿ ಈ ಕೆಲಸ ಮೂರು ಕಡೆ ಏಕಕಾಲಕ್ಕೆ ನಡೆಯಬೇಕು.

ಹೀಗೆ ಲೆಕ್ಕ ಹಾಕಿ ಫ್ರೇಮ್ ಬಿಚ್ಚುವ (ಡಿಕೋಡ್ ಮಾಡುವ) ಕೆಲಸಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಭಾಗವೊಂದು ಇರುತ್ತದೆ. ಆದರೆ ಅದು ಎಲ್ಲ ಬಗೆಯ ಫೈಲನ್ನೂ ಬಿಚ್ಚಲಾರದು. ಬಿಟ್ ಸಂಖ್ಯೆ ಬಣ್ಣದ ಛಾಯೆಗಳು ಎಷ್ಟೆಂದೂ, 4:2:0 ಬಗೆಯ ಅಂಕಿ ಬಣ್ಣದ ವಿವರ ಎಷ್ಟು ಉಳಿದಿದೆಯೆಂದೂ ಹೇಳುತ್ತವೆ. ಸಾಮಾನ್ಯ 8 ಬಿಟ್, 4:2:0 ಫೈಲುಗಳಾದರೆ ಈಗಿನ ಯಾವ ಕಾರ್ಡಾದರೂ ಸಾಕು. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಕೊಡುವ 10 ಬಿಟ್, 4:2:2 ಫೈಲುಗಳದ್ದು ಬೇರೆಯೇ ಕಥೆ. ಎಚ್.265ರಲ್ಲಿ ಬಂದ ಇಂಥ ಫೈಲನ್ನು ಇಂಟೆಲ್ ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸ್ ಭಾಗ 11ನೇ ತಲೆಮಾರಿನಿಂದೀಚೆಗೆ ಬಿಚ್ಚುತ್ತದೆ. ಕ್ವಿಕ್ ಸಿಂಕ್ ಎಂದು ಕರೆಯುವುದು ಇದನ್ನೇ. ಎನ್‌ವಿಡಿಯಾ ಕಾರ್ಡುಗಳಲ್ಲಿ ಈ ಸಾಮರ್ಥ್ಯ ಬಂದಿದ್ದು 2025ರ 50 ಸರಣಿಯಿಂದ. ಅದಕ್ಕಿಂತ ಹಿಂದಿನ ಕಾರ್ಡು ಎಷ್ಟೇ ದುಬಾರಿಯದ್ದಾದರೂ ಈ ಒಂದು ಕೆಲಸವನ್ನು ಮಾಡುವುದಿಲ್ಲ. ಅದೇ 10 ಬಿಟ್, 4:2:2 ಫೈಲು ಎಚ್.264ರಲ್ಲಿ ಇದ್ದರೆ 12ನೇ, 13ನೇ ತಲೆಮಾರಿನ ಕ್ವಿಕ್ ಸಿಂಕ್ ಕೂಡ ನೆರವಿಗೆ ಬರುವುದಿಲ್ಲ. ಹಳೆಯ ಕಾರ್ಡಿರುವ ಯಂತ್ರದಲ್ಲಿ ಭಾರವೆಲ್ಲ ಪ್ರೊಸೆಸರಿನ ಕೋರ್‌ಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಬೇಕಾದ ಫ್ರೇಮ್ ದರಕ್ಕೆ ಕ್ಯಾಮೆರಾದಲ್ಲಿ ಎರಡೂ ಆಯ್ಕೆಗಳಿದ್ದರೆ, 10 ಬಿಟ್ ಚಿತ್ರೀಕರಣಕ್ಕೆ ಎಚ್.265 ಇಟ್ಟುಕೊಳ್ಳಿ ಎಂದೇ ಸ್ಟುಡಿಯೊದವರಿಗೆ ಹೇಳುತ್ತೇನೆ. ಇದರಲ್ಲಿ ಒಂದು ರೂಪಾಯಿ ಖರ್ಚೂ ಇಲ್ಲ.

ಈ ಲೆಕ್ಕ ಹಿಡಿದುಕೊಂಡೇ ನಾನು 2022ರಲ್ಲಿ ಈಗಿನ ಯಂತ್ರವನ್ನು ಕಟ್ಟಿಸಿದೆ. ಆಗ ಅಂಗಡಿಗಳಲ್ಲಿ ಎಲ್ಲರೂ ಸೂಚಿಸುತ್ತಿದ್ದುದು ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್ ಐ5-12400ಎಫ್. ಕೊನೆಯ ಎಫ್ ಅಕ್ಷರದ ಅರ್ಥ, ಒಳಗಿನ ಗ್ರಾಫಿಕ್ಸ್ ಇಲ್ಲ ಎಂದು. ಆಟವಾಡುವವರಿಗೆ ಅದರಿಂದ ಹಣ ಉಳಿಯುತ್ತದೆ, ನಮ್ಮ ಕೆಲಸಕ್ಕೆ ಅದು ಮುಖ್ಯ ಅಂಗವನ್ನೇ ತೆಗೆದುಹಾಕಿದಂತೆ. ನಾನು ತೆಗೆದುಕೊಂಡಿದ್ದು ಐ5-12500. ಅದರಲ್ಲಿರುವ ಯುಎಚ್‌ಡಿ 770 ಗ್ರಾಫಿಕ್ಸಿಗೆ ವಿಡಿಯೊ ಬಿಚ್ಚುವ ಎಂಜಿನ್‌ಗಳು ಎರಡು. 12400ರ ಯುಎಚ್‌ಡಿ 730ಯಲ್ಲಿ ಒಂದೇ. ಬೆಲೆಯ ವ್ಯತ್ಯಾಸ ಅಲ್ಪವಾದರೂ ಮಲ್ಟಿಕ್ಯಾಮ್‌ನಲ್ಲಿ ಆ ಎರಡನೇ ಎಂಜಿನ್ನಿನ ಬೆಲೆ ತಿಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಕೂಡಲೇ ಎಷ್ಟೋ ಮದರ್‌ಬೋರ್ಡುಗಳು ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ಯಂತ್ರ ಏಳುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಇಂಟರ್ನಲ್ ಗ್ರಾಫಿಕ್ಸ್ ಎಂಬಲ್ಲಿ ಆಟೊ ಬದಲಿಗೆ ಎನೇಬಲ್ಡ್ ಎಂದು ಇಟ್ಟು, ಆಮೇಲೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಬೇಕು. ಸಂಕಲನದ ತಂತ್ರಾಂಶದ ಸೆಟ್ಟಿಂಗ್‌ನಲ್ಲೂ ಹಾರ್ಡ್‌ವೇರ್ ಡಿಕೋಡಿಂಗ್‌ನ ಕೆಳಗೆ ಇಂಟೆಲ್‌ಗೆ ಗುರುತು ಹಾಕಿರಬೇಕು. ನಿಜವಾಗಿಯೂ ಕೆಲಸ ನಡೆಯುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಬಹುದು. ಟೈಮ್‌ಲೈನ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಇಂಟೆಲ್ ಜಿಪಿಯು (ಗ್ರಾಫಿಕ್ಸ್ ಭಾಗ) ಮೇಲೆ ಒತ್ತಿದರೆ ವಿಡಿಯೊ ಡಿಕೋಡ್ ಎಂಬ ಸಣ್ಣ ನಕ್ಷೆ ಕಾಣುತ್ತದೆ. ಅದರ ಗೆರೆ ಮೇಲೆದ್ದು ಸಿಪಿಯು (ಪ್ರೊಸೆಸರ್) ಕೆಳಗಿದ್ದರೆ ಎಲ್ಲ ಸರಿ. ಅದು ಸೊನ್ನೆಯಲ್ಲೇ ಮಲಗಿದ್ದು ಸಿಪಿಯು ಮಾತ್ರ ನೂರಕ್ಕೆ ಮುಟ್ಟಿದ್ದರೆ, ಫೈಲು ಯಂತ್ರಕ್ಕೆ ಹೊಂದುತ್ತಿಲ್ಲ ಎಂದು ತಿಳಿಯಬೇಕು. ಎರಡೂ ಆರಾಮಾಗಿದ್ದು ಡಿಸ್ಕ್ ಮಾತ್ರ ನೂರು ತೋರಿಸುತ್ತಿದ್ದರೆ ತೊಡಕು ಸಂಗ್ರಹಣೆಯದ್ದು. ಹೊಸ ಭಾಗ ಕೊಳ್ಳುವ ಆಲೋಚನೆಗೆ ಮುನ್ನ ಈ ಪುಟವನ್ನು ಐದು ನಿಮಿಷ ನೋಡಲೇಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಹಳೆಯ ಯಂತ್ರವೇ ಇದ್ದು ಸದ್ಯಕ್ಕೆ ಹಣವಿಲ್ಲದವರಿಗೆ ಪ್ರಾಕ್ಸಿ ಎಂಬ ದಾರಿ ಇದ್ದೇ ಇದೆ. ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವ ಪ್ರೊರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಬಗೆಯಲ್ಲಿ ಚಿಕ್ಕ ಪ್ರತಿಗಳನ್ನು ರಾತ್ರಿಯೇ ಮಾಡಿಟ್ಟರೆ, ಬೆಳಿಗ್ಗೆ ಹತ್ತು ವರ್ಷದ ಹಿಂದಿನ ಐ5 ಕೂಡ ಸಲೀಸಾಗಿ ಓಡುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕಂಪ್ಯೂಟರ್ ಕಟ್ಟಿಸುವವರು ತಮ್ಮ ಪ್ರತಿಯೊಂದು ಕ್ಯಾಮೆರಾದ ಒಂದೊಂದು ನಿಮಿಷದ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಂಡೊಯ್ಯುವುದು ಒಳ್ಳೆಯದು. ಅಂಗಡಿಯವರು ವೇಗದ ಪರೀಕ್ಷೆಯ ಅಂಕಗಳ ಪಟ್ಟಿ ತೋರಿಸುತ್ತಾರೆ. ನಮಗೆ ಬೇಕಾದದ್ದು ನಮ್ಮದೇ ಫೈಲು ಅಲ್ಲಿ ಹೇಗೆ ಓಡುತ್ತದೆ ಎಂಬುದು. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಬೇಕು.

ಗ್ರಾಫಿಕ್ಸ್ ಕಾರ್ಡ್ ಬೇಡವೆಂದು ಇದರ ಅರ್ಥವಲ್ಲ. ಬಣ್ಣ ತಿದ್ದುವುದು, ಮಬ್ಬು ಬೆಳಕಿನಲ್ಲಿ ತೆಗೆದ ಆರತಕ್ಷತೆಯ ದೃಶ್ಯಗಳಿಂದ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ತೆಗೆಯುವುದು, ಅಲುಗಾಟ ನಿಲ್ಲಿಸುವುದು, ಇವೆಲ್ಲ ಅದರ ಕೆಲಸಗಳೇ. ಆದರೆ ಅಲ್ಲಿ ನಾನು ನೋಡುವುದು ಕಾರ್ಡಿನ ಸ್ವಂತ ಮೆಮೊರಿಯನ್ನು. 4ಕೆಯಲ್ಲಿ ನಾಯ್ಸ್ ತೆಗೆಯಲು ಹೊರಟರೆ 6 ಜಿಬಿ ಕಾರ್ಡುಗಳಲ್ಲಿ ಜಿಪಿಯು ಮೆಮೊರಿ ತುಂಬಿದೆ ಎಂಬ ಸಂದೇಶ ಬಂದು ರೆಂಡರ್, ಅಂದರೆ ಅಂತಿಮ ವಿಡಿಯೊ ತಯಾರಿಸುವ ಕೆಲಸ, ನಿಂತುಬಿಡುತ್ತದೆ. ನನ್ನದು 12 ಜಿಬಿಯ ಆರ್‌ಟಿಎಕ್ಸ್ 3060. ಲ್ಯಾಪ್‌ಟಾಪ್ ಕೊಳ್ಳುವವರು ಹೆಸರು ನೋಡಿ ನಂಬಬಾರದು: ಲ್ಯಾಪ್‌ಟಾಪಿನ 3060ರಲ್ಲಿ ಇರುವುದು 6 ಜಿಬಿ ಮಾತ್ರ, ಅದಕ್ಕೆ ತಯಾರಕರು ಕೊಡುವ ವಿದ್ಯುತ್ ಮಾದರಿಯಿಂದ ಮಾದರಿಗೆ 60 ವ್ಯಾಟಿನಿಂದ 115 ವ್ಯಾಟಿನವರೆಗೆ ಬದಲಾಗುತ್ತದೆ, ಡೆಸ್ಕ್‌ಟಾಪಿನ ಕಾರ್ಡಿಗೆ 170 ವ್ಯಾಟ್ ಸಿಗುತ್ತದೆ.

ರ‍್ಯಾಮ್ ವಿಚಾರ ಸರಳ. 4ಕೆಗೆ 32 ಜಿಬಿ, ಅದೂ 16ರ ಎರಡು ಕಡ್ಡಿಗಳಾಗಿ, ಬೋರ್ಡಿನ ಪುಸ್ತಕದಲ್ಲಿ ಸೂಚಿಸಿದ ಸ್ಲಾಟುಗಳಲ್ಲಿಯೇ.

ಡಿಸ್ಕಿನ ಲೆಕ್ಕವನ್ನು ಮಾತ್ರ ಕಾಗದದ ಮೇಲೆ ಮಾಡಬೇಕು. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆದರೆ ಅದು 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ಮೂರು ಕ್ಯಾಮೆರಾ ಆರಾರು ಗಂಟೆ ಓಡಿದರೆ 810 ಜಿಬಿ. ನಡೆಯುತ್ತಿರುವ ಕೆಲಸಕ್ಕೆ ವೇಗದ ಡಿಸ್ಕಾದ ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದದ್ದನ್ನು ಇಡಲು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳು ಎಂಬುದು ನನ್ನ ಏರ್ಪಾಡು. ಎಸ್‌ಎಸ್‌ಡಿಗಳಲ್ಲಿ ಕಡಿಮೆ ಬೆಲೆಯ ಕ್ಯೂಎಲ್‌ಸಿ ಬಗೆಯ ಬಗ್ಗೆ ಎಚ್ಚರ ಬೇಕು. ಡಬ್ಬದ ಮೇಲೆ ಸೆಕೆಂಡಿಗೆ 3,500 ಮೆಗಾಬೈಟ್ ಎಂದಿದ್ದರೂ ಆ ವೇಗ ಇರುವುದು ಒಳಗಿನ ಕ್ಯಾಶ್ ತುಂಬುವವರೆಗೆ ಮಾತ್ರ. ಒಂದೇ ಸಮನೆ 200 ಜಿಬಿ ನಕಲು ಮಾಡಿ ನೋಡಿದರೆ, ಮೊದಲು ಹಾರುತ್ತಿದ್ದ ಗೆರೆ ನಡುವೆ ಒಮ್ಮೆಲೇ ಕುಸಿದು ಹಾರ್ಡ್ ಡಿಸ್ಕಿಗಿಂತಲೂ ಕೆಳಗೆ ತೆವಳತೊಡಗುವುದನ್ನು ನಾನು ನೋಡಿದ್ದೇನೆ. ಮದುವೆಯ ಫೈಲುಗಳನ್ನು ಇಳಿಸಿಕೊಳ್ಳುವ ನಮ್ಮಂಥವರು ಪ್ರತಿದಿನ ಮಾಡುವುದು ಅಂಥ ನಕಲನ್ನೇ.

ಇನ್ನು ದೋಷ ಹುಡುಕುವ ಮಾತು. ಮಧುಗಿರಿ ಕಡೆಯ ಸ್ಟುಡಿಯೊ ಗೆಳೆಯರೊಬ್ಬರ ಯಂತ್ರ ರೆಂಡರ್‌ಗೆ ಹಾಕಿದಾಗ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗುತ್ತಿತ್ತು. "ಕಾರ್ಡ್ ಹೋಗಿದೆ ಅಂತಾರೆ ಅಣ್ಣ, ಹೊಸದು ತರ್ಲಾ?" ಎಂದು ಫೋನ್ ಮಾಡಿದರು. ತರಬೇಡಿ, ಮೊದಲು ಯಂತ್ರ ತನ್ನಿ ಎಂದೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂದು ಕೆಂಪು ಗುರುತಿನೊಂದಿಗೆ ದಾಖಲಾಗಿತ್ತು. ಆದರೆ ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿತು ಎಂದಷ್ಟೇ ಅದು ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ. ಹಾಗಾಗಿ ಭಾರವನ್ನು ಬಿಡಿಬಿಡಿಯಾಗಿ ಹೊರಿಸಿ ನೋಡಿದೆ. ಸಿಪಿಯು ಒಂದಕ್ಕೇ ಕೆಲಸ ಕೊಟ್ಟಾಗಲೂ ಕಾರ್ಡ್ ಒಂದಕ್ಕೇ ಕೊಟ್ಟಾಗಲೂ, ಎರಡಕ್ಕೂ ಒಟ್ಟಿಗೆ ಕೊಟ್ಟಾಗಲೂ ಅದು ಅಲುಗಲಿಲ್ಲ. ಮೆಮ್‌ಟೆಸ್ಟ್‌86 ಎಂಬ ರ‍್ಯಾಮ್ ಪರೀಕ್ಷೆ ಇಡೀ ರಾತ್ರಿ ಓಡಿ ಒಂದೂ ದೋಷ ತೋರಲಿಲ್ಲ. ಅವರದೇ ಪ್ರಾಜೆಕ್ಟ್ ನನ್ನ ಮೇಜಿನ ಮೇಲೆ ಪೂರ್ತಿ ರೆಂಡರ್ ಆಯಿತು. ಯಂತ್ರ ಸರಿಯಿದ್ದು ಸ್ಥಳ ಬದಲಾದಾಗ ಮಾತ್ರ ಕೆಡುವುದಾದರೆ, ಹುಡುಕಬೇಕಾದದ್ದು ಗೋಡೆಯಲ್ಲಿ.

ಅವರ ಅಂಗಡಿಗೆ ಹೋಗಿ ಮಲ್ಟಿಮೀಟರಿನ ಕಡ್ಡಿಗಳನ್ನು ಅದೇ ಬೋರ್ಡಿನ ಪಕ್ಕದ ಸಾಕೆಟ್ಟಿಗಿಟ್ಟು, ರೆಂಡರ್ ಒತ್ತಲು ಹೇಳಿದೆ. ಸುಮ್ಮನಿದ್ದಾಗ 220ರ ಆಸುಪಾಸಿನಲ್ಲಿದ್ದ ವೋಲ್ಟೇಜ್, ರೆಂಡರ್ ಶುರುವಾದೊಡನೆ 180ಕ್ಕಿಂತ ಕೆಳಗೆ ಜಾರಿ ಕುಣಿಯತೊಡಗಿತು. ಮೇನ್ ಆಫ್ ಮಾಡಿಸಿ ಬೋರ್ಡ್ ಬಿಚ್ಚಿಸಿದಾಗ ನ್ಯೂಟ್ರಲ್ ತಂತಿಯ ಸ್ಕ್ರೂ ಸಡಿಲಾಗಿ, ತಂತಿಯ ತುದಿ ಕರಟಿ ಕಪ್ಪಾಗಿತ್ತು. ಭಾರ ಕಡಿಮೆಯಿದ್ದಾಗ ಆ ಸಡಿಲ ಜೋಡಣೆ ತಾಳಿಕೊಳ್ಳುತ್ತಿತ್ತು, ಹೆಚ್ಚಾದಾಗ ಅಲ್ಲಿಯೇ ವೋಲ್ಟೇಜ್ ಸೋರಿಹೋಗುತ್ತಿತ್ತು. ಮೀಟರ್ ಬೋರ್ಡಿನಿಂದ ದಪ್ಪ ತಂತಿಯಲ್ಲಿ ಕಂಪ್ಯೂಟರಿಗೆಂದೇ ಬೇರೆ ಲೈನ್ ಎಳೆಸಿದ ಮೇಲೆ ರೀಸ್ಟಾರ್ಟ್ ನಿಂತಿತು.

ಅದೇ ಬೋರ್ಡಿನಲ್ಲಿ ಮೂರನೇ (ಅರ್ತ್) ತೂತಿಗೆ ತಂತಿಯೇ ಇರಲಿಲ್ಲ. ನಮ್ಮ ಊರುಗಳ ಹಳೆಯ ಕಟ್ಟಡಗಳಲ್ಲಿ ಇದು ತೀರಾ ಸಾಮಾನ್ಯ. ಅರ್ತಿಂಗ್ ಇಲ್ಲದಿದ್ದರೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿನ ಲೋಹಕ್ಕೆ ಮೇನ್ ವೋಲ್ಟೇಜಿನ ಅರ್ಧದಷ್ಟು ಏರಿ ನಿಂತಿರುತ್ತದೆ. ಕೈಗೆ ಜುಮ್ ಎನ್ನುವುದು ಅದೇ. ಸ್ಪೀಕರಿನಲ್ಲಿ ಗುಂಯ್ ಎನ್ನುವುದು, ಯುಎಸ್‌ಬಿಯ ಡಿಸ್ಕು ನಡುವೆ ಕಳಚಿಕೊಳ್ಳುವುದು ಇವಕ್ಕೂ ಎಷ್ಟೋ ಸಲ ಅದೇ ಮೂಲ. ಅಂಗಡಿಯ ಹಿಂದೆ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ಜಿಐ ಪೈಪ್ ಇಳಿಸಿ ತಂತಿ ಎಳೆಸಿದೆವು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆದಾಗ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು.

ಯುಪಿಎಸ್ ಕೊಳ್ಳುವಾಗ ವಿಎ ಅಂಕಿಯನ್ನು ವ್ಯಾಟ್ ಎಂದು ಓದಬಾರದು. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ನನ್ನ ಪ್ರೊಸೆಸರಿಗೆ ಗರಿಷ್ಠ 117, ಕಾರ್ಡಿಗೆ 170, ಮೇಲೆ ಬೋರ್ಡು, ಡಿಸ್ಕುಗಳು, ಮಾನಿಟರ್ ಸೇರಿದರೆ ಆ 360 ದಾಟಿಹೋಗುತ್ತದೆ. ರೆಂಡರ್ ನಡುವೆ ಕರೆಂಟ್ ಹೋದ ಕ್ಷಣವೇ ಅಂಥ ಯುಪಿಎಸ್ ಕೈಕೊಡುತ್ತದೆ. ಈ ಮಟ್ಟದ ಯಂತ್ರಕ್ಕೆ 1,000 ವಿಎಗಿಂತ ಕಡಿಮೆಯದ್ದನ್ನು ನಾನು ಸೂಚಿಸುವುದಿಲ್ಲ.

ತಂತಿಯ ತಪ್ಪು ಕ್ಯಾಬಿನೆಟ್ಟಿನ ಒಳಗೂ ಇರುತ್ತದೆ. ಹಾರ್ಡ್ ಡಿಸ್ಕಿನಿಂದ ಓದುವಾಗ ಯಂತ್ರ ಹೆಪ್ಪುಗಟ್ಟಿದಂತೆ ನಿಂತರೆ, ಡಿಸ್ಕ್ ಸತ್ತಿತೆಂದು ತೀರ್ಮಾನಿಸುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಡಿಸ್ಕ್ ಆರೋಗ್ಯ ತೋರಿಸುವ ತಂತ್ರಾಂಶ ತೆರೆದು ಮೂರು ಸಾಲುಗಳನ್ನು ನೋಡುತ್ತೇನೆ. 05 ಮತ್ತು ಸಿ5 ಸಾಲುಗಳಲ್ಲಿ ಅಂಕಿ ಏರುತ್ತಿದ್ದರೆ ಡಿಸ್ಕಿನ ತಟ್ಟೆಯೇ ಹಾಳಾಗುತ್ತಿದೆ, ಅಂದೇ ನಕಲು ಮಾಡಿಕೊಳ್ಳಬೇಕು. ಅವೆರಡೂ ಸೊನ್ನೆಯಿದ್ದು ಸಿ7 ಮಾತ್ರ ಏರುತ್ತಿದ್ದರೆ ದೋಷ ಹೆಚ್ಚಾಗಿ ಸಾಟಾ ಕೇಬಲ್ಲಿನದು. ಹೊಸ ಕೇಬಲ್ ಹಾಕಿದ ಮೇಲೆ ಆ ಅಂಕಿ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.

ಕೊನೆಯದು ಬಿಸಿ ಮತ್ತು ಧೂಳು. ಶಿರಾ, ಪಾವಗಡದ ಕಡೆ ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಮಾತ್ರ ಇರುವ ಕೋಣೆಯಲ್ಲಿ ರೆಂಡರ್ ಮಾಡುವ ಯಂತ್ರ ಕೆಡದೆಯೇ ನಿಧಾನವಾಗಬಹುದು. ಪ್ರೊಸೆಸರ್ 100 ಡಿಗ್ರಿ ಮುಟ್ಟಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಇದನ್ನು ಹಿಡಿಯುವುದಕ್ಕಾಗಿ ನಾನು ಎರಡು ನಿಮಿಷದ ಒಂದೇ ಪ್ರಾಜೆಕ್ಟನ್ನು ಉಳಿಸಿಕೊಂಡು, ಆಗಾಗ ರೆಂಡರ್ ಮಾಡಿ ಹಿಡಿದ ಸಮಯವನ್ನು ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲಿ ಬರೆಯುತ್ತೇನೆ. ಸಮಯ ಹೆಚ್ಚಾಗಿದ್ದರೆ ಎಚ್‌ಡಬ್ಲ್ಯುಇನ್ಫೊದಲ್ಲಿ ಉಷ್ಣತೆ ನೋಡಿ, ಬ್ಲೋವರ್ ಹಿಡಿಯುವ ಹೊತ್ತು ಬಂದಿದೆಯೆಂದು ತಿಳಿಯುತ್ತೇನೆ. ಬ್ಲೋವರ್ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಬೋರ್ಡಿನತ್ತ ವಿದ್ಯುತ್ತನ್ನೂ ತಳ್ಳಬಹುದು. ಧೂಳು ತೆಗೆದ ಮೇಲೂ ಉಷ್ಣತೆ ಇಳಿಯದಿದ್ದರೆ ಹೀಟ್‌ಸಿಂಕ್ ಬಿಚ್ಚಿ, ಒಣಗಿದ ಪೇಸ್ಟನ್ನು ಒರೆಸಿ ಹೊಸದು ಹಚ್ಚುತ್ತೇನೆ.