ಫೋಕಸ್ ಮೊದಲು, ಹೆಸರು ಆಮೇಲೆ: ಎನ್‌ವಿಡಿಎ ಆಪ್ ಮಾಡ್ಯೂಲಿನಲ್ಲಿ ನನ್ನ ಅನುಭವ

ನಾನು ದಿನವೂ ಬಳಸುವ ಬಿಲ್ಲಿಂಗ್ ತಂತ್ರಾಂಶವೊಂದರಲ್ಲಿ ಟ್ಯಾಬ್ ಒತ್ತುತ್ತ ಹೋದರೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಪ್ರತಿ ಖಾನೆಯಲ್ಲೂ ‘ಎಡಿಟ್’ ಎಂದಷ್ಟೇ ಹೇಳುತ್ತಿತ್ತು. ನಿಂತಿರುವುದು ಗ್ರಾಹಕರ ಹೆಸರಿನ ಮೇಲೋ ಮೊತ್ತದ ಮೇಲೋ ತಿಳಿಯುತ್ತಿರಲಿಲ್ಲ. ಆದರೆ ಅಲ್ಲಿಯೇ ಇನ್‌ಸರ್ಟ್ ಮತ್ತು ಟ್ಯಾಬ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಖಾನೆಯ ಹೆಸರು ಸರಿಯಾಗಿ ಕೇಳಿಸುತ್ತಿತ್ತು. ಅಂದರೆ ಹೆಸರು ಇತ್ತು, ತಡವಾಗಿ ಬರುತ್ತಿತ್ತು.

ಮೊದಲು ಲಾಗ್ (ಎನ್‌ವಿಡಿಎ ತನ್ನ ಕೆಲಸವನ್ನು ಬರೆದಿಡುವ ದಾಖಲೆ) ಮಟ್ಟವನ್ನು ಹೆಚ್ಚು ವಿವರ ಕೊಡುವ ಡೀಬಗ್‌ಗೆ ಏರಿಸಿದೆ. ಎನ್‌ವಿಡಿಎ ಲಾಗಿನಲ್ಲಿ ಒತ್ತಿದ ಕೀ, ಆಡಿದ ಮಾತು ಎರಡೂ ಮಿಲಿಸೆಕೆಂಡು ಸಮೇತ ದಾಖಲಾಗುತ್ತವೆ. ಅವುಗಳ ನಡುವೆ ನನ್ನ ಆಪ್ ಮಾಡ್ಯೂಲಿನಿಂದಲೂ (ಒಂದು ತಂತ್ರಾಂಶಕ್ಕಾಗಿ ಎನ್‌ವಿಡಿಎಗೆ ಸೇರಿಸುವ ಕೋಡ್) ಗೇನ್‌ಫೋಕಸ್ (ಖಾನೆಗೆ ಫೋಕಸ್ ಬಂತು) ಮತ್ತು ನೇಮ್‌ಚೇಂಜ್ (ಹೆಸರು ಬದಲಾಯಿತು) ಎಂಬ ಈವೆಂಟುಗಳನ್ನು, ಅಂದರೆ ಸೂಚನೆಗಳನ್ನು, ಬರೆಸಿದೆ. ಫೋಕಸ್ ಬಂದ ಗಳಿಗೆಯಲ್ಲಿ ಹೆಸರು ಖಾಲಿಯಿತ್ತು, ನೇಮ್‌ಚೇಂಜ್ ಮಾತ್ರ ಬರಲೇ ಇಲ್ಲ. ಬಂದಿದ್ದರೆ ಎನ್‌ವಿಡಿಎ ತಾನೇ ಹೆಸರನ್ನು ಓದುತ್ತಿತ್ತು, ಮುಂದೆ ಹೇಳುವ ಟೈಮರಿನ ಗೊಡವೆಯೇ ಇರುತ್ತಿರಲಿಲ್ಲ.

ಇಂಥ ಕಡೆ ಸ್ಲೀಪ್ (ಕೋಡನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಆದೇಶ) ಹಾಕಿ ಅರ್ಧ ಸೆಕೆಂಡು ಕಾಯಿರಿ ಎಂದು ಹೇಳುವವರು ಬಹಳ. ಆದರೆ ಎನ್‌ವಿಡಿಎ ಈವೆಂಟುಗಳನ್ನು ನಿರ್ವಹಿಸುವುದು ಮುಖ್ಯ ಥ್ರೆಡ್ಡಿನಲ್ಲಿ, ಅಂದರೆ ಒಂದಾದ ಮೇಲೊಂದರಂತೆ ಕೆಲಸ ನಡೆಯುವ ಒಂದೇ ಸಾಲಿನಲ್ಲಿ. ಅಲ್ಲಿ ಸ್ಲೀಪ್ ಹಾಕಿದರೆ ಸರದಿಯಲ್ಲಿರುವ ಉಳಿದ ಈವೆಂಟುಗಳೂ ನಿಲ್ಲುತ್ತವೆ. ಇನ್ನೊಂದು ತೊಡಕು ಮೇಲ್ನೋಟಕ್ಕೆ ಕಾಣುವುದಿಲ್ಲ. ಆಬ್ಜೆಕ್ಟಿನ (ಎನ್‌ವಿಡಿಎಯೊಳಗೆ ಖಾನೆಯನ್ನು ಪ್ರತಿನಿಧಿಸುವ ವಸ್ತು) ಹೆಸರನ್ನು ಒಮ್ಮೆ ಓದಿದರೆ ಅದು ಕ್ಯಾಷ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಉಳಿಯುತ್ತದೆ, ಮತ್ತು ಆ ಕ್ಯಾಷ್ ಅಳಿಯುವುದು ಎನ್‌ವಿಡಿಎ ಮತ್ತೆ ಮತ್ತೆ ನಡೆಸುವ ಮುಖ್ಯ ಲೂಪಿನ ಒಂದು ಸುತ್ತು ಮುಗಿದ ಮೇಲೆಯೇ. ಆದ್ದರಿಂದ ಒಂದೇ ಫಂಕ್ಷನ್ನಿನೊಳಗೆ ಸ್ಲೀಪ್ ಹಾಕುತ್ತ ಹತ್ತು ಸಲ ಹೆಸರು ಕೇಳಿದರೂ ಹತ್ತು ಸಲವೂ ಅದೇ ಖಾಲಿ ಉತ್ತರ ಸಿಗುತ್ತದೆ.

ನಾನು ಮಾಡಿದ್ದು ಹೀಗೆ. ಗೇನ್‌ಫೋಕಸ್‌ನಲ್ಲಿ ಮೊದಲು ಹಳೆಯ ಟೈಮರ್ ಇದ್ದರೆ ನಿಲ್ಲಿಸಿ, ಈವೆಂಟನ್ನು ಎನ್‌ವಿಡಿಎಯ ಮಾಮೂಲಿ ಕ್ರಮಕ್ಕೆ ಒಪ್ಪಿಸುವ ನೆಕ್ಸ್ಟ್‌ಹ್ಯಾಂಡ್ಲರನ್ನು ತಡಮಾಡದೆ ಕರೆಯುತ್ತೇನೆ. ಅದನ್ನು ತಡೆದಿಟ್ಟರೆ ಬ್ರೈಲ್ ಕೂಡ ಹಿಂದೆ ಬೀಳುತ್ತದೆ. ಹೆಸರು ಆಗಲೇ ಇದ್ದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ಕೋರ್ ಮಾಡ್ಯೂಲಿನ ಕಾಲ್‌ಲೇಟರ್ ಮೂಲಕ 50 ಮಿಲಿಸೆಕೆಂಡಿನ ನಂತರ ನೋಡುವಂತೆ ಹೇಳಿ, ಅದು ಹಿಂದಿರುಗಿಸುವ ಟೈಮರನ್ನು ಉಳಿಸಿಕೊಳ್ಳುತ್ತೇನೆ. ಆ ನೋಟದಲ್ಲಿ ಕೇಳುವ ಮೊದಲ ಪ್ರಶ್ನೆ ಹೆಸರು ಬಂತೇ ಎಂಬುದಲ್ಲ, ಫೋಕಸ್ ಇನ್ನೂ ಇದೇ ಆಬ್ಜೆಕ್ಟಿನ ಮೇಲಿದೆಯೇ ಎಂಬುದು. ಬೇಗ ಬೇಗ ಟ್ಯಾಬ್ ಒತ್ತುವವರು ಆ ವೇಳೆಗೆ ಎರಡು ಖಾನೆ ಮುಂದೆ ಹೋಗಿರುತ್ತಾರೆ. ದರದ ಖಾನೆಯಲ್ಲಿ ನಿಂತವರಿಗೆ ‘ಮೊತ್ತ’ ಎಂದು ಕೇಳಿಸುವುದಕ್ಕಿಂತ ಏನೂ ಕೇಳಿಸದಿರುವುದೇ ಮೇಲು. ಹೆಸರು ಬಂದಿದ್ದರೆ ನಾನು ಮಾತನಾಡಿಸುವುದಿಲ್ಲ. ಈವೆಂಟ್‌ಹ್ಯಾಂಡ್ಲರಿನ ಸರದಿಗೆ ನೇಮ್‌ಚೇಂಜ್ ಸೇರಿಸುತ್ತೇನೆ, ಅಲ್ಲಿಂದ ಮಾತು ಮತ್ತು ಬ್ರೈಲ್ ಎರಡನ್ನೂ ಎನ್‌ವಿಡಿಎ ತನ್ನ ಕ್ರಮದಲ್ಲೇ ನೋಡಿಕೊಳ್ಳುತ್ತದೆ. ಬಂದಿಲ್ಲದಿದ್ದರೆ ಇನ್ನೊಮ್ಮೆ ನೋಡುವುದು, ಒಂದು ಮಿತಿ ದಾಟಿದರೆ ಸುಮ್ಮನೆ ಬಿಡುವುದು.

ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರಿನ ಸ್ಕ್ರಿಪ್ಟಿನಲ್ಲೂ ಇದೇ ದಾರಿ ಸಾಗುತ್ತದೆ. ಅಲ್ಲಿ ಒಂದು ಕೆಲಸವನ್ನು ಸ್ವಲ್ಪ ಹೊತ್ತಿನ ನಂತರ ನಡೆಸುವ ಷೆಡ್ಯೂಲ್‌ಫಂಕ್ಷನ್ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೇಳುತ್ತದೆ. ಅದು ಕೊಡುವ ಸಂಖ್ಯೆಯನ್ನು ಗ್ಲೋಬಲ್ ವೇರಿಯಬಲ್‌ನಲ್ಲಿಟ್ಟುಕೊಂಡು ಮುಂದಿನ ಫೋಕಸ್ ಬದಲಾವಣೆಯಲ್ಲಿ, ಆ ಕೆಲಸವನ್ನು ರದ್ದು ಮಾಡಲು, ಅನ್‌ಷೆಡ್ಯೂಲ್‌ಫಂಕ್ಷನ್‌ಗೆ ಕೊಡಬೇಕು.

ಟೈಮರನ್ನು ನಿಲ್ಲಿಸಬೇಕಾದ ಜಾಗಗಳು ಇನ್ನೆರಡಿವೆ. ಆಲ್ಟ್ ಟ್ಯಾಬ್ ಒತ್ತಿ ಬೇರೆ ತಂತ್ರಾಂಶಕ್ಕೆ ಹೋದಾಗ ಆಪ್ ಮಾಡ್ಯೂಲಿಗೆ ಲೂಸ್‌ಫೋಕಸ್ ಈವೆಂಟ್ ಬರುತ್ತದೆ, ಅಲ್ಲೊಮ್ಮೆ ನಿಲ್ಲಿಸುತ್ತೇನೆ. ಆಪ್ ಮಾಡ್ಯೂಲ್ ಮುಗಿಯುವಾಗ ನಡೆಯುವ ಟರ್ಮಿನೇಟ್‌ನಲ್ಲೂ ನಿಲ್ಲಿಸುತ್ತೇನೆ, ಇಲ್ಲವಾದರೆ ಇನ್‌ಸರ್ಟ್, ಕಂಟ್ರೋಲ್ ಮತ್ತು ಎಫ್3 ಒತ್ತಿ ಪ್ಲಗಿನ್‌ಗಳನ್ನು ಮರುಲೋಡ್ ಮಾಡಿದ ಮೇಲೂ ಹಳೆಯ ಕೋಡಿನ ಟೈಮರ್ ಬದುಕಿದ್ದು, ತಿದ್ದಿದ್ದು ಸರಿಹೋಯಿತೋ ಇಲ್ಲವೋ ಎಂದು ಪರೀಕ್ಷಿಸುವುದೇ ಕಷ್ಟವಾಗುತ್ತದೆ.