ಬೆಳ್ಳಿ ತಗಡಿನ ಕಫ್‌ಲಿಂಕ್: ಮೊದಲು ಶರ್ಟ್ ತನ್ನಿ

ಕಫ್‌ಲಿಂಕ್, ಅಂದರೆ ಶರ್ಟ್ ತೋಳಿನ ತುದಿಗೆ ಗುಂಡಿಯ ಬದಲು ಹಾಕುವ ಕೊಂಡಿ, ಮಾಡಲು ಮೊದಲು ಬೇಕಾದ್ದು ಬೆಳ್ಳಿ ಅಲ್ಲ, ಶರ್ಟು. ಇದು ನನಗೆ ಗೊತ್ತಾಗಿದ್ದು ಭಾವನ ರಿಸೆಪ್ಷನ್ ದಿನ. ನಾನು ಮಾಡಿಕೊಟ್ಟ ಜೋಡಿಯ ಮುಖವೇನೋ ಫಳಫಳ ಹೊಳೆಯುತ್ತಿತ್ತು, ಆದರೆ ಹಿಂದಿನ ಕಡ್ಡಿ ಗಿಡ್ಡ. ಮಡಚಿದ ಕಫ್‌ನ ನಾಲ್ಕು ಪದರ ದಾಟಿ ಆಚೆ ಬರಲೇ ಇಲ್ಲ. ಪಾಪ, ಕೋಟಿನೊಳಗೆ ಸೇಫ್ಟಿ ಪಿನ್ ಹಾಕಿಕೊಂಡು ನಿಂತಿದ್ದರು.

ಹಾಗಾಗಿ ಹಳೆ ಮದುವೆ ಕಾರ್ಡ್ ಒಂದನ್ನು ಕತ್ತರಿಸಿ, ಬೆಂಕಿಕಡ್ಡಿ ಅಂಟಿಸಿ ಒಂದು ಮಾದರಿ ಮಾಡಿ, ಅದನ್ನು ಶರ್ಟಿಗೆ ಹಾಕಿ ನೋಡಿ. ನನ್ನ ಅಳತೆ ಇದು: ಮುಖ 15 ಮಿ.ಮೀ. ಚೌಕ, ಹಿಂಬದಿ ತುಂಡು 12 x 6 ಮಿ.ಮೀ. ಮೊಟ್ಟೆಯಾಕಾರ, ನಡುವೆ 2 ಮಿ.ಮೀ. ದಪ್ಪದ, 20 ಮಿ.ಮೀ. ಉದ್ದದ ತಂತಿ. ಹಿಂಬದಿ ತುಂಡು ಗುಂಡಿತೂತಿನಲ್ಲಿ ಉದ್ದಕ್ಕೆ ತೂರಬೇಕು. ಆಮೇಲೆ ಕಾಲು ಸುತ್ತು ತಿರುಗಿಸಿದರೆ ಅಡ್ಡಲಾಗಿ ಕೂರುತ್ತದೆ, ಅಷ್ಟೇ ಕೊಂಡಿ.

ತಗಡು, ತಂತಿ, ಬೆಸುಗೆ, ಬಿಳಿಗಾರ (ಬೋರಾಕ್ಸ್) ಎಲ್ಲಕ್ಕೂ ನಾನು ಹೋಗುವುದು ಬೆಂಗಳೂರಿನ ನಗರ್ತಪೇಟೆಗೆ. ಮೆಟ್ರೋದಲ್ಲೇ ಹೋಗಿ, ಆ ಗಲ್ಲಿಗಳಲ್ಲಿ ಪಾರ್ಕಿಂಗ್ ಹುಡುಕುವುದಕ್ಕಿಂತ ಕಫ್‌ಲಿಂಕ್ ಮಾಡುವುದೇ ಸುಲಭ. 92.5 ಬೆಳ್ಳಿಯ (ನೂರಕ್ಕೆ 92.5 ಪಾಲು ಬೆಳ್ಳಿ) 1 ಮಿ.ಮೀ. ತಗಡು ಕೇಳಿ. ಜೋಡಿಯ ತೂಕ ಏಳು ಗ್ರಾಂ ಹತ್ತಿರ ಬರುತ್ತದೆ, ಆದರೆ ಚೂರುಪಾರು ಹೋಗುತ್ತಲ್ವಾ, 12 ಗ್ರಾಂ ತನ್ನಿ. ಬೆಸುಗೆ ಕ್ಯಾಡ್ಮಿಯಂ ಇಲ್ಲದ್ದೇ ಆಗಿರಲಿ, ಅದರ ಹೊಗೆ ವಿಷ.

ಮುಖಕ್ಕೆ ಡಿಸೈನ್ ಬೇಕಾದರೆ ಕತ್ತರಿಸುವ ಮೊದಲೇ ಮಾಡಿ, ಬಡಿದಾಗ ತಗಡು ಹರಡುತ್ತದೆ. ಲೈಟ್ ಆರಿಸಿ, ಗ್ಯಾಸ್ ಟಾರ್ಚ್‌ನ ಜ್ವಾಲೆಯಿಂದ ತಗಡನ್ನು ಮಂಕು ಕೆಂಪಾಗುವವರೆಗೆ ಕಾಯಿಸಿ, ಕೆಂಪು ಹೋದ ಮೇಲೆ ನೀರಿಗೆ ಹಾಕಿ. ಈಗ ಮೆತ್ತಗಾಗಿರುತ್ತದೆ. ನಮ್ಮ ಹಿತ್ತಲಲ್ಲಿ ಒಂದು ಒರಟು ಚಪ್ಪಡಿ ಕಲ್ಲಿದೆ. ತಗಡನ್ನು ಅದರ ಮೇಲೆ ಮುಖ ಕೆಳಗಾಗಿ ಇಟ್ಟು, ಹಿಂದಿನಿಂದ ಸುತ್ತಿಗೆಯಲ್ಲಿ ಒಂದೇ ಸಮ ಬಡಿಯುತ್ತೇನೆ. ತಿರುಗಿಸಿದರೆ ಕಲ್ಲಿನ ಕಾಳುಕಾಳು ಬೆಳ್ಳಿಯಲ್ಲಿ ಮೂಡಿರುತ್ತದೆ, ಅಪ್ಪಟ ಬೆಂಗಳೂರು ಗ್ರಾನೈಟ್!

ಕತ್ತರಿಸುವ ಗರಗಸದ ಹಲ್ಲು ಹಿಡಿಯ ಕಡೆಗಿರಲಿ. ಬ್ಲೇಡಿಗೆ ಮೇಣದಬತ್ತಿ ಉಜ್ಜಿ. ಒತ್ತಬೇಡಿ, ಒತ್ತಿದರೆ ಪಟ್ ಅಂತ ಮುರಿಯುತ್ತದೆ. ಆಮೇಲೆ ಅರದಿಂದ ಅಂಚು ಸರಿಮಾಡಿ.

ಹಿಂಬದಿ ತುಂಡಿನ ನಡುವೆ 2 ಮಿ.ಮೀ. ತೂತು ಕೊರೆದು ತಂತಿ ತೂರಿಸಿ. ಮುಖದ ಹಿಂದೆ ಸಣ್ಣ ಗುಳಿ ಸಾಕು, ತೂತು ಬೇಡ. ಬಿಳಿಗಾರವನ್ನು ನೀರಲ್ಲಿ ತೇಯ್ದು ಹಚ್ಚಿ, ಮೊದಲು ಹಿಂಬದಿ ತುಂಡಿಗೆ ಜಾಸ್ತಿ ಬಿಸಿಗೆ ಕರಗುವ ಗಟ್ಟಿ ಬೆಸುಗೆ, ಆಮೇಲೆ ಮುಖಕ್ಕೆ ಬೇಗ ಕರಗುವ ಬೆಸುಗೆ. ಉಲ್ಟಾ ಮಾಡಿದರೆ ಎರಡನೆಯದನ್ನು ಹಾಕುವಾಗ ಮೊದಲನೆಯದು ಕಳಚಿಕೊಳ್ಳುತ್ತದೆ. ಜ್ವಾಲೆ ಬೆಸುಗೆಯ ಮೇಲೆ ಬೇಡ, ಸುತ್ತಲಿನ ಬೆಳ್ಳಿಯ ಮೇಲೆ ಆಡಿಸಿ. ಬೆಸುಗೆ ಬಿಸಿ ಇರುವ ಕಡೆಗೆ ಓಡುತ್ತದೆ. ಮುಖ ದೊಡ್ಡದು, ನಿಧಾನಕ್ಕೆ ಕಾಯುತ್ತದೆ, ಅದನ್ನೇ ಮೊದಲು ಕಾಯಿಸಿ. ಸರಿಯಾದ ಬಿಸಿಗೆ ಬಂದಾಗ ಕೀಲಿನ ಸುತ್ತ ಒಂದು ಹೊಳೆಯುವ ಗೆರೆ ಸರ್ರನೆ ಹರಿಯುತ್ತದೆ. ತಕ್ಷಣ ಟಾರ್ಚ್ ತೆಗೆಯಿರಿ, ಇನ್ನೆರಡು ಸೆಕೆಂಡ್ ಬಿಟ್ಟರೆ ಅಂಚು ಕರಗಿ ಮುದ್ದೆ. ಕಿಟಕಿ ತೆರೆದಿರಲಿ, ನೈಲಾನ್ ಬಟ್ಟೆ ಬೇಡ.

ಕಪ್ಪಾದ ಬೆಳ್ಳಿಯನ್ನು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿದ ಬಿಸಿ ನೀರಿನಲ್ಲಿ ಬಿಡಿ, ಬೆಳ್ಳಗಾಗುತ್ತದೆ. ಅದರಲ್ಲಿ ಕಬ್ಬಿಣದ ಇಕ್ಕಳ ಮುಳುಗಿಸಬೇಡಿ, ಬೆಳ್ಳಿಗೆ ತಾಮ್ರದ ಬಣ್ಣ ಹತ್ತುತ್ತದೆ. ಬಿದಿರು ಕಡ್ಡಿ ಸಾಕು. ಆಮೇಲೆ ಅಂಚಿಗೆ ಮಾತ್ರ ಎಮರಿ ಕಾಗದ, 400ರಿಂದ 1200ರವರೆಗೆ. ಮುಖಕ್ಕೆ ಅಂಟುವಾಳದ ನೀರು ಮತ್ತು ಹಿತ್ತಾಳೆ ಬ್ರಷ್.

ಕಲ್ಲಿನ ಗುರುತು ಎದ್ದು ಕಾಣಬೇಕಾ? ಬಿಸಿ ಬೇಯಿಸಿದ ಮೊಟ್ಟೆಯನ್ನು ಜಜ್ಜಿ, ಮುಚ್ಚಿದ ಡಬ್ಬಿಯಲ್ಲಿ ಕಫ್‌ಲಿಂಕ್ ಜೊತೆ ಕೆಲವು ಗಂಟೆ ಇಡಿ. ಮೊಟ್ಟೆಯ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಉಬ್ಬು ಭಾಗ ಮಾತ್ರ ಬಟ್ಟೆಯಲ್ಲಿ ಉಜ್ಜಿದರೆ ಗುಳಿಗಳಲ್ಲಿ ಕಪ್ಪು ಉಳಿಯುತ್ತದೆ. ಡಬ್ಬಿ ಮಾತ್ರ ಹಳೆಯದಿರಲಿ, ಊಟದ ಡಬ್ಬಿ ತೆಗೆದುಕೊಂಡು ನಾನು ಮನೆಯಲ್ಲಿ ಸರಿಯಾಗಿ ಬೈಸಿಕೊಂಡಿದ್ದೇನೆ.